ಯಾರೂ ಬಳಸದ ದಾರಿ

ಷರಾ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಜೋರಾಗಿ ಸೀನುವುದೂ ಇಲ್ಲ. ಷರಾ ಅಂದರೆ ನಗರ ಕಚೇರಿಯವರು ನಾವು ಬಿಡಿಸಿದ ಕಟ್ಟಡದ ನಕ್ಷೆಯ ಮೇಲೆ ಎತ್ತುವ ತಕರಾರು. ಇಲ್ಲಿ ಕಿಟಕಿ ಸಾಲದು, ಅಲ್ಲಿ ಮೆಟ್ಟಿಲು ಇಕ್ಕಟ್ಟು, ಬೆಂಕಿ ಬಿದ್ದರೆ ಜನ ಎಲ್ಲಿಂದ ಓಡಬೇಕು ತೋರಿಸಿ, ಹೀಗೆ. ಒಂದೊಂದಕ್ಕೂ ನಾವು ಉತ್ತರ ಬರೆದು ಕಳಿಸಬೇಕು. ಉತ್ತರ ಒಪ್ಪಿಗೆಯಾದರೆ ಅಪಾರ್ಟ್‌ಮೆಂಟ್ ಏಳುತ್ತದೆ. ಇಲ್ಲದಿದ್ದರೆ ಮತ್ತೆ ಷರಾ, ಮತ್ತೆ ಉತ್ತರ.

ಉತ್ತರ ಹೇಳುವವರು ಕಚೇರಿಯ ಯಜಮಾನರಾದ ಸಾರ್. ಟೈಪ್ ಮಾಡುವವಳು ನಾನು. ಸೇರಿದ್ದು ನಕ್ಷೆ ಬಿಡಿಸುವ ಕೆಲಸಕ್ಕೆ, ಆದರೆ ಬೆರಳು ಚುರುಕಾಗಿದೆ ಅಂತ ಉತ್ತರಗಳೂ ನನ್ನ ತಲೆಗೇ ಬಿದ್ದವು. ಉತ್ತರಗಳಲ್ಲಿ ಮೂರು ಜಾತಿ. 'ಸರಿಪಡಿಸಲಾಗಿದೆ' ಅಂದರೆ ಒಂದು ಗೆರೆಯನ್ನು ಅತ್ತಿತ್ತ ಸರಿಸಿದ್ದೇವೆ. 'ಗಮನಿಸಲಾಗಿದೆ' ಅಂದರೆ ಏನೂ ಮಾಡಿಲ್ಲ, ಮಾಡುವುದೂ ಇಲ್ಲ. 'ಅನ್ವಯಿಸುವುದಿಲ್ಲ' ಅಂದರೆ ಬಾಯಿ ಮುಚ್ಚಿಕೊಂಡು ಹೋಗಿ. ಈ ಮೂರರಲ್ಲೇ ಎಷ್ಟೋ ಕಟ್ಟಡಗಳು ಎದ್ದು ನಿಂತಿವೆ.

ಅವತ್ತು ಬೆಳಗ್ಗೆ ಸಾರ್ ನನ್ನ ಬೆನ್ನ ಹಿಂದೆ ನಿಂತು ಒಂದೊಂದೇ ಷರಾ ಓದಿ ಉತ್ತರ ಹೇಳುತ್ತಿದ್ದರು. ಅಮ್ಮ ನೆಲ ಒರೆಸುತ್ತ ಬಂದಳು. ಅಮ್ಮ ಅಂದರೆ ನನ್ನ ಹೆತ್ತಮ್ಮ. ನಮ್ಮ ಕಚೇರಿಯ ನೆಲ, ಕಕ್ಕಸು ಎರಡೂ ಅವಳ ಪಾಲು. ನನ್ನ ಕುರ್ಚಿಯ ಹತ್ತಿರ ಬಂದಾಗ "ಕಾಲು ಎತ್ತಿ, ಮೇಡಂ," ಅಂದಳು. ಎತ್ತಿದೆ. ಒದ್ದೆ ಬಟ್ಟೆ ನನ್ನ ಚಪ್ಪಲಿಯ ಕೆಳಗೆ ಹೋಗಿ ಬಂತು. ಕಚೇರಿಯಲ್ಲಿ ಅಮ್ಮ ಅನ್ನಬೇಡ ಅಂತ ಅವಳೇ ಕಟ್ಟಪ್ಪಣೆ ಮಾಡಿದ್ದಾಳೆ. ನಾವು ತಾಯಿ ಮಗಳು ಅಂತ ಎಲ್ಲರಿಗೂ ಗೊತ್ತು. ನಾವಿಬ್ಬರೂ ಎದುರಿದ್ದಾಗ ಗೊತ್ತಿಲ್ಲದ ಹಾಗೆ ಇರುವುದು ಇಲ್ಲಿಯ ಶಿಸ್ತು.

ಈ ಕೆಲಸ ಸಿಕ್ಕಿದ್ದೂ ಅವಳಿಂದಲೇ. ಮಗಳು ಡ್ರಾಯಿಂಗ್ ಕಲಿತಿದ್ದಾಳೆ ಅಂತ ಒಂದು ದಿನ ಬಾಗಿಲ ಹೊರಗೆ ನಿಂತು ಹೇಳಿದಳಂತೆ. ಸಾರ್ ದೊಡ್ಡ ಮನಸ್ಸು ಮಾಡಿದರು. ಮಾಡಿದ್ದನ್ನು ಬಂದವರಿಗೆಲ್ಲ ಹೇಳುತ್ತಾರೆ. ಇವಳು ನಮ್ಮ ಕಕ್ಕಸು ತೊಳೆಯೋಳ ಮಗಳು ನೋಡಿ, ಎಷ್ಟು ಚೆನ್ನಾಗಿ ಬಿಡಿಸ್ತಾಳೆ ಅನ್ನುತ್ತಾರೆ. ಬಂದವರು ನನ್ನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಕೈಯಲ್ಲಿರುವ ಟೀ ಲೋಟ ನೋಡುತ್ತಾರೆ. ನಾನು ತಂದುಕೊಟ್ಟ ಲೋಟವಾ ಅಂತ. ನನಗೆ ಮೈಯೆಲ್ಲ ಉರಿಯುತ್ತದೆ. ಹಲ್ಲು ಕಚ್ಚಿಕೊಂಡು ಗೆರೆ ಎಳೆಯುತ್ತೇನೆ.

ಕೊನೆಯ ಷರಾಕ್ಕೆ ಬಂದೆವು. ನಿವೇಶನದ ಹಿಂಬದಿಯಲ್ಲಿ ಒಂದು ಕಾಲುದಾರಿ ಕಾಣುತ್ತಿದೆ, ಅದನ್ನು ಯಾರು ಬಳಸುತ್ತಿದ್ದಾರೆ ಫೋಟೋ ಸಹಿತ ತಿಳಿಸಿ, ಸಾರ್ವಜನಿಕರು ಬಳಸುತ್ತಿದ್ದರೆ ಅದನ್ನು ಬಿಟ್ಟು ನಕ್ಷೆ ಬದಲಿಸಿ ಅಂತ ಇತ್ತು.

ಸಾರ್ ಒಂದು ಗಳಿಗೆಯೂ ಯೋಚಿಸಲಿಲ್ಲ. "ಸದರಿ ದಾರಿಯನ್ನು ಯಾರೂ ಬಳಸುತ್ತಿಲ್ಲ. ಫೋಟೋ ಲಗತ್ತಿಸಿದೆ. ಬರಿ," ಅಂದರು.

ನನ್ನ ಬೆರಳು ಆಡಲಿಲ್ಲ. ಅವತ್ತು ಬೆಳಗ್ಗೆ ನಾನು ಆ ದಾರಿಯಲ್ಲೇ ಬಂದಿದ್ದೆ. ಹುಟ್ಟಿದಾಗಿನಿಂದ ಅದರಲ್ಲೇ ಬಂದಿದ್ದೆ.

ನಮ್ಮ ಸಾಲುಮನೆಗಳಿರುವುದು ಆ ದಾರಿಯ ತುದಿಯಲ್ಲಿ. ಒಂದು ಕಡೆ ಮುಚ್ಚಿಹೋದ ಮಿಲ್ಲಿನ ಗೋಡೆ, ಇನ್ನೊಂದು ಕಡೆ ದೊಡ್ಡ ಚರಂಡಿ. ಚರಂಡಿಗೆ ಅಡ್ಡವಾಗಿ ಒಂದು ಹಲಗೆ ಇದೆ. ಹಲಗೆಯ ಮೇಲೆ ಮನುಷ್ಯ ದಾಟಬಹುದು, ಗಾಡಿ ದಾಟುವುದಿಲ್ಲ. ನಾವೆಲ್ಲ ಗಾಡಿಯವರು. ಬೆಳಗಾದರೆ ಕೈಗಾಡಿ ತಳ್ಳಿಕೊಂಡು ಬೀದಿಬೀದಿಯ ಕಸ ಎತ್ತುತ್ತೇವೆ, ಸಾಲಿಗೆ ತಂದು ಸುರಿದು ಕೈಯಿಂದ ಬಿಡಿಸುತ್ತೇವೆ. ರಟ್ಟು ಬೇರೆ, ಬಾಟಲಿ ಬೇರೆ, ತಗಡು ಬೇರೆ. ಅದನ್ನು ಮಾರಿದರೆ ಅನ್ನ. ಅಮ್ಮನೂ ನಸುಕಿನಲ್ಲಿ ಒಂದು ಸುತ್ತು ಗಾಡಿ ತಳ್ಳಿಯೇ ಕಚೇರಿಗೆ ಬರುತ್ತಾಳೆ. ಗಾಡಿ ಹೋಗಿಬರಲು ಇರುವುದು ಆ ಒಂದೇ ದಾರಿ. ನನ್ನ ಸೋದರಮಾವ, ಎಲ್ಲರ ಬಾಯಲ್ಲೂ ಗಾಡಿ ಮಾವ, ಒಮ್ಮೆ ಹಠ ಹಿಡಿದು ಹಲಗೆಯ ಮೇಲೆ ಗಾಡಿ ತಳ್ಳಿ ಗಾಡಿ ಸಮೇತ ಚರಂಡಿಗೆ ಬಿದ್ದಿದ್ದ. ಗಾಡಿ ಸಿಕ್ಕಿತು. ಅವನ ಮುಂದಿನ ಹಲ್ಲು ಸಿಗಲಿಲ್ಲ.

"ಸಾರ್, ಅಲ್ಲಿ ಜನ ಓಡಾಡ್ತಾರೆ," ಅಂದೆ.

"ಯಾರು?"

"ನಮ್ಮ ಗಾಡಿಯವರು ಸಾರ್. ನಾನೂ ದಿನಾ ಅಲ್ಲಿಂದಾನೇ ಬರೋದು."

ಸಾರ್ ನಕ್ಕರು. ಕೆಟ್ಟ ನಗುವೂ ಅಲ್ಲ. ಕೆಟ್ಟದಾಗಿದ್ದರೆ ಬೈದುಕೊಳ್ಳಲು ಸುಲಭವಿತ್ತು. "ನೀನು ಬಿಡಮ್ಮ, ನೀನು ನಮ್ಮವಳು. ಇವರು ಕೇಳಿರೋದು ಸಾರ್ವಜನಿಕರು ಅಂತ. ನಿಮ್ಮ ಸಾಲಿನೋರು ಹೇಗೆ ಸಾರ್ವಜನಿಕರಾಗ್ತಾರೆ?"

ನನ್ನ ಪಕ್ಕ ಕೂರುವ ಸ್ಕೇಲಣ್ಣ ಕಿಸಕ್ಕೆಂದ. ಕಂಪ್ಯೂಟರ್ ಬಂದು ಬಹಳ ಕಾಲವಾಯಿತು, ಆದರೂ ಅವನು ಜೇಬಿನಲ್ಲಿ ಒಂದು ಸ್ಕೇಲು ಇಟ್ಟುಕೊಂಡೇ ತಿರುಗುತ್ತಾನೆ. ಬೆನ್ನು ಕೆರೆದುಕೊಳ್ಳುವುದು ಬಿಟ್ಟರೆ ಅದರಿಂದ ಬೇರೆ ಕೆಲಸವಿಲ್ಲ. ನಾನು ಊಟದ ಡಬ್ಬಿ ತೆರೆದ ಕೂಡಲೇ ಎದ್ದು ಕಿಟಕಿ ತೆರೆಯುವವನು ಅವನೇ.

ಸಾರ್ ನನಗೆ ಬಿಡಿಸಿ ಹೇಳಿದರು. ಆ ದಾರಿ ಬಿಟ್ಟರೆ ಒಂದು ಸಾಲು ಕಾರು ನಿಲ್ಲಿಸುವ ಜಾಗ ಹೋಗುತ್ತದೆ. ಕಟ್ಟಿಸುವ ಧಣಿ ಒಪ್ಪುವುದಿಲ್ಲ. ಅವರು ಒಪ್ಪದಿದ್ದರೆ ಈ ಕಚೇರಿಗೆ ಕೆಲಸವಿಲ್ಲ. ಕಚೇರಿಗೆ ಕೆಲಸವಿಲ್ಲದಿದ್ದರೆ ನನಗೂ ಇಲ್ಲ, ಅಮ್ಮನಿಗೂ ಇಲ್ಲ. ಇಷ್ಟನ್ನೂ ಮಗುವಿಗೆ ಜ್ವರದ ಔಷಧಿ ಕುಡಿಸುವವರ ಹಾಗೆ ಮೆತ್ತಗೆ ಹೇಳಿದರು. ನಾಳೆ ಬೆಳಗ್ಗೆ ನೀನೇ ಹೋಗಿ ದಾರಿಯ ಫೋಟೋ ತೆಗೆದುಕೊಂಡು ಬಾ, ಯಾರೂ ಇಲ್ಲದ ಹೊತ್ತು ನೋಡಿ ತೆಗಿ ಅಂದರು.

ನಾನು ತಲೆ ಆಡಿಸಿದೆ. ಹೊಟ್ಟೆಯೊಳಗೆ ಬೇರೆಯೇ ಲೆಕ್ಕ ಹಾಕಿದ್ದೆ. ಫೋಟೋ ತೆಗೆಯುವವಳು ನಾನೇ ತಾನೇ. ಯಾರೂ ಇಲ್ಲದ ಹೊತ್ತು ಬೇಡ, ಎಲ್ಲರೂ ಇರುವ ಹೊತ್ತೇ ತೆಗೆಯುತ್ತೇನೆ. ಗಾಡಿ ಮೇಲೆ ಗಾಡಿ, ಮೂಟೆ ಹೊತ್ತ ಹೆಂಗಸರು, ಗೋಡೆಗೆ ಒಣಹಾಕಿದ ಬಟ್ಟೆ, ಎಲ್ಲ ಬರಲಿ. ಎಷ್ಟು ಹೊತ್ತು ಕಾದರೂ ದಾರಿ ಖಾಲಿಯಾಗಲಿಲ್ಲ ಸಾರ್ ಅಂದರಾಯಿತು.

ಸಂಜೆ ಅಮ್ಮನಿಗೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಪೂರ್ತಿ ಹೇಳಿದರೆ ಗಾಡಿ ಮಾವ ಎಲ್ಲರನ್ನೂ ಕಟ್ಟಿಕೊಂಡು ಕಚೇರಿಗೆ ಬಂದು ಗಲಾಟೆ ಮಾಡುತ್ತಾನೆ, ನನ್ನ ಕೆಲಸಕ್ಕೆ ಕಲ್ಲು ಬೀಳುತ್ತದೆ ಎಂಬ ಅಂಜಿಕೆ. ನಾಳೆ ನಮ್ಮ ದಾರಿಯ ಫೋಟೋ ತೆಗೆಯಬೇಕು, ನಗರ ಕಚೇರಿಯವರು ನೋಡುತ್ತಾರೆ, ಎಲ್ಲ ದಿನಾ ಹೇಗಿರುತ್ತದೋ ಹಾಗೇ ಇರಲಿ ಅಂತ ಸಾಲಿಗೆಲ್ಲ ಹೇಳು ಅಂದೆ. ಅಮ್ಮ ಹೂಂ ಅಂದಳು. ಅವಳ ಕಣ್ಣು ಅರಳಿದ್ದನ್ನು ನೋಡಿದೆ. ನಲ್ಲಿ ಹಾಕಿಸ್ತಾರೇನೋ ಅಂದಳು. ಇಲ್ಲಮ್ಮ, ಸುಮ್ಮನೆ ನೋಡ್ತಾರೆ ಅಂದೆ. ಸುಮ್ಮನೆ ಯಾರು ನೋಡ್ತಾರೆ ಅಂತ ಅಮ್ಮ ಮನೆಮನೆಗೆ ಹೊರಟಳು.

ಬೆಳಗ್ಗೆ ಬಾಗಿಲು ತೆರೆದೆ.

ದಾರಿ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದ್ದರು. ಬರೀ ಗುಡಿಸಿದ್ದಲ್ಲ, ನೀರು ಚಿಮುಕಿಸಿ ಗುಡಿಸಿದ್ದರು. ಗಾಡಿಯ ಚಕ್ರದ ಗುರುತಿಲ್ಲ, ಹೆಜ್ಜೆಯ ಗುರುತಿಲ್ಲ. ಗೋಡೆಯ ಹಗ್ಗ ಬಿಚ್ಚಿದ್ದರು, ಬಟ್ಟೆ ಒಳಗೆ ಎತ್ತಿದ್ದರು. ಒಂದು ಹರಕು ಚಪ್ಪಲಿಯೂ ಇಲ್ಲ. ಗಾಡಿಗಳನ್ನೆಲ್ಲ ಮನೆಗಳ ಹಿಂದೆ ಚರಂಡಿಯ ದಂಡೆಗೆ ತಳ್ಳಿ ಗೋಣಿ ಹೊದಿಸಿದ್ದರು. ಪರವಾನಗಿಯಿಲ್ಲದ ಗಾಡಿ ಕಂಡರೆ ನಗರ ಕಚೇರಿಯವರು ಲಾರಿಗೆ ಎತ್ತಿ ಹಾಕಿಕೊಂಡು ಹೋಗುತ್ತಾರೆ, ಅದು ಎಲ್ಲರೂ ಉಂಡ ನೋವು. ಪರವಾನಗಿ ಕೇಳಿದರೆ ನಿಮಗೆ ವಿಳಾಸವೇ ಇಲ್ಲ ಅನ್ನುತ್ತಾರೆ. ಇಡೀ ಸಾಲು ಬಾಗಿಲುಗಳ ಹಿಂದೆ ಉಸಿರು ಬಿಗಿಹಿಡಿದು ನಿಂತಿತ್ತು.

ಗಾಡಿ ಮಾವ ಕಿಟಕಿಯಿಂದ ಹಲ್ಲಿಲ್ಲದ ಬಾಯಿ ಹೊರಹಾಕಿ, "ಈಗ ತೆಗಿ ಕಣೇ, ಚೆನ್ನಾಗಿ ಬರುತ್ತೆ," ಅಂದ.

ಹೊರಗೆ ಬನ್ನಿ, ಗಾಡಿ ತನ್ನಿ, ದಿನಾ ಹೇಗೋ ಹಾಗೆ ಓಡಾಡಿ ಅಂತ ಬೇಡಿಕೊಂಡೆ. ಯಾರೂ ಅಲುಗಲಿಲ್ಲ. ನಮ್ಮ ಮುಖ ಬಿದ್ದರೆ ಫೋಟೋ ಕೆಡುತ್ತೆ ಅಂದರು. ದೊಡ್ಡವರು ಬಂದಾಗಲೆಲ್ಲ ನಮಗೆ ಹೇಳಿದ್ದು ಒಂದೇ ಮಾತು, ಕಣ್ಣಿಗೆ ಬೀಳಬೇಡಿ. ಅದನ್ನು ಇವರು ಚಾಚೂ ತಪ್ಪದೆ ಪಾಲಿಸಿದ್ದರು. ಅದರಲ್ಲಿ ಅವರಿಗೆ ಹೆಮ್ಮೆಯೂ ಇತ್ತು. ನಾವೂ ಚೊಕ್ಕಟವಾಗಿರಬಲ್ಲೆವು ಅಂತ ತೋರಿಸುವ ಹೆಮ್ಮೆ. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಅಮ್ಮ ಮಾತ್ರ ಹೊರಗಿದ್ದಳು. ಪೊರಕೆ ಹಿಡಿದು ದಾರಿಯ ಆ ತುದಿಯಲ್ಲಿ ಕೊನೆಯ ಕಡ್ಡಿಗಳನ್ನು ಆರಿಸುತ್ತಿದ್ದಳು. ಅಮ್ಮಾ, ಅಲ್ಲೇ ನಿಲ್ಲು ಅಂದೆ. ಅವಳೊಬ್ಬಳಾದರೂ ಫೋಟೋದಲ್ಲಿ ಬರಲಿ ಅಂತ ಮೊಬೈಲ್ ಎತ್ತಿದೆ.

ಆಗ ಅವಳ ಹಿಂದೆ ಸಾರ್ ಅವರ ಕಾರು ಬಂದು ನಿಂತಿತು. ನನ್ನ ಮೇಲೆ ನಂಬಿಕೆ ಸಾಲದೆ ಬಂದರೋ, ಇನ್ನೆಲ್ಲಿಗೋ ಹೋಗುತ್ತ ಇಳಿದರೋ ಗೊತ್ತಿಲ್ಲ. ದಾರಿಯನ್ನು ನೋಡಿ ಅವರ ಮುಖ ಬೆಳಗಿತು. "ಭೇಷ್. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡ್ಸಿದೀಯ," ಅಂದರು. ಆಮೇಲೆ ಅಮ್ಮನಿಗೆ ಬೆರಳಲ್ಲೇ ಸನ್ನೆ ಮಾಡಿದರು, ಪಕ್ಕಕ್ಕೆ ಅಂತ. ಅಮ್ಮ ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಯ ಮೂಲೆಗೆ ಸರಿದಳು. ಎಷ್ಟು ಬೇಗ ಸರಿದಳೆಂದರೆ ಅವಳು ಅಲ್ಲಿ ಇದ್ದಳೋ ಇಲ್ಲವೋ ಅನ್ನಿಸುವಷ್ಟು. ಸಾರ್ ತಮ್ಮ ಮೊಬೈಲಿನಲ್ಲೇ ಫೋಟೋ ತೆಗೆದರು. ಅಮ್ಮ ಮೂಲೆಯಿಂದ ನನ್ನನ್ನು ನೋಡಿ ನಕ್ಕಳು.

ಕಚೇರಿಯಲ್ಲಿ ಆ ಫೋಟೋವನ್ನು ನಾನೇ ಉತ್ತರದ ಕೆಳಗೆ ಅಂಟಿಸಬೇಕಾಯಿತು. ಒಂದು ಇರುವೆಯೂ ಇಲ್ಲದ ದಾರಿ. ನಕ್ಷೆಯಲ್ಲಿ ಅದೇ ಜಾಗದಲ್ಲಿ ಸಾರ್ ಹೇಳಿದ ಪ್ರಕಾರ ಒಂದು ಕಾಂಪೌಂಡು ಗೋಡೆ, ಗೋಡೆಯ ಗುಂಟ ದುಂಡಗಿನ ಹಸಿರು ಗಿಡಗಳು. ಕಂಪ್ಯೂಟರಿನಲ್ಲಿ ಗಿಡಕ್ಕೆ ಮಣ್ಣು ನೀರು ಬೇಡ, ಒಂದು ಗುಂಡಿ ಒತ್ತಿದರೆ ಬೆಳೆಯುತ್ತದೆ. ಉತ್ತರದ ಕೊನೆಯಲ್ಲಿ 'ಸ್ಥಳ ಪರಿಶೀಲಿಸಿದವರು' ಅಂತ ಒಂದು ಗೆರೆ ಇರುತ್ತದೆ. ಸ್ಥಳಕ್ಕೆ ಹೋಗಿ ಬಂದವರು ಸಹಿ ಹಾಕಬೇಕು. ಸಾರ್ ಪೆನ್ನು ಕೊಟ್ಟರು.

ನನ್ನ ಕೈ ಮೇಲೇಳಲಿಲ್ಲ. ಅದು ಧೈರ್ಯ ಅಂತ ಹೇಳಲಾರೆ. ಕೈ ಭಾರವಾಗಿತ್ತು, ಅಷ್ಟೆ. ಬೆಳಗ್ಗೆ ಅಮ್ಮ ನಕ್ಕ ನಗು ಆ ಕೈಯ ಮೇಲೆ ಕೂತಿತ್ತು.

"ನಾನು ಹಾಕಲ್ಲ ಸಾರ್."

ಸಾರ್ ಬೈಯಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಪೆನ್ನನ್ನು ನನ್ನ ತಲೆಯ ಮೇಲಿಂದ ಸ್ಕೇಲಣ್ಣನ ಕಡೆ ಚಾಚಿದರು. ಆ ದಾರಿ ಯಾವ ದಿಕ್ಕಿಗಿದೆ ಅಂತ ಕೂಡ ತಿಳಿಯದ ಸ್ಕೇಲಣ್ಣ ಸರಕ್ಕನೆ ಸಹಿ ಎಳೆದು ಟೀ ಕುಡಿಯಲು ಎದ್ದುಹೋದ. ನನ್ನ 'ಹಾಕಲ್ಲ' ಎಂಬ ಮಾತು ನೊಣ ಓಡಿಸಿದಷ್ಟೂ ಸದ್ದು ಮಾಡಲಿಲ್ಲ. ಉತ್ತರ ನಗರ ಕಚೇರಿಗೆ ಹೋಯಿತು.

ಸಂಜೆ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಬಾಟಲಿಯ ರಾಶಿಯ ಮುಂದೆ ಕೂತು ಮುಚ್ಚಳ ಬಿಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ದಾರಿ ಮುಚ್ಚಿ ಗೋಡೆ ಏಳುತ್ತದೆ, ಗಾಡಿ ಹೊರಗೆ ಹೋಗುವುದಿಲ್ಲ, ಯಾರೂ ಬಳಸುತ್ತಿಲ್ಲ ಅಂತ ಬರೆದಿದ್ದಾರೆ, ಸಾಕ್ಷಿಗೆ ಇವತ್ತಿನ ಫೋಟೋ ಅಂಟಿಸಿದ್ದಾರೆ ಅಂದೆ. ಅಮ್ಮ ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಬಿಚ್ಚಿ ರಾಶಿಗೆ ಎಸೆದಳು.

"ಹಾಗಾದ್ರೆ ನಾವೇ ಗುಡಿಸಿ ಕೊಟ್ವಾ?"

ಅವಳ ಅಂಗೈ ನೋಡಿದೆ. ಪೊರಕೆಯ ಹಿಡಿ ಕೂತು ಕೂತು ಅಂಗೈ ನಡುವೆ ಚರ್ಮ ಕೊಬ್ಬರಿ ಚಿಪ್ಪಿನ ಹಾಗಾಗಿದೆ. ಊರಿನ ಕೊಳೆಯನ್ನೆಲ್ಲ ಗುಡಿಸಿದ ಕೈ. ಕೊನೆಗೆ ತನ್ನ ಕಾಲಿನ ಗುರುತನ್ನೂ ಗುಡಿಸಿತು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ನಗರ ಕಚೇರಿಯಿಂದ ಒಂದು ಸಾಲು ಬಂತು. ಹಿಂಬದಿಯ ದಾರಿಯನ್ನು ಖುದ್ದಾಗಿ ನೋಡಲು ಅಧಿಕಾರಿ ನಾಳೆ ಬರುತ್ತಾರೆ. ಸಾರ್ ನನ್ನನ್ನು ಗಾಜಿನ ಬಾಗಿಲಿನ ಒಳಗೆ ಕರೆದು ಕೂರಿಸಿದರು. ಅಲ್ಲಿ ಕೂತಿದ್ದು ಅದೇ ಮೊದಲು.

ನಿಮ್ಮವರಿಗೆ ಹೇಳು, ಅವತ್ತಿನ ಹಾಗೇ ಚೊಕ್ಕಟ ಮಾಡಿ ಒಳಗಿರಲಿ ಅಂದರು. ಒಂದು ಬೆಳಗ್ಗೆಯ ಮಾತು. ಅಪಾರ್ಟ್‌ಮೆಂಟ್ ಎದ್ದರೆ ನಿಮ್ಮಮ್ಮನಿಗೆ ಅಲ್ಲೇ ಕಾಯಂ ಕೆಲಸ ಕೊಡಿಸುತ್ತೇನೆ, ಸಾಲಿನ ಇನ್ನೂ ನಾಲ್ಕು ಹೆಂಗಸರಿಗೂ ಅಂದರು. ಯಾರಾದರೂ ಗಾಡಿ ಹೊರಗೆ ತಂದರೆ ಆಮೇಲೆ ಲಾರಿ ಬಂದರೆ ನಾನು ಏನೂ ಮಾಡಲಾಗದು ಅಂತಲೂ ಅಂದರು. ನೀನೂ ನಕ್ಷೆಯ ಸುರುಳಿ ಹಿಡಿದು ನನ್ನ ಜೊತೆ ಬಾ, ಅವತ್ತು ಸಹಿ ಹಾಕದಿದ್ದದ್ದನ್ನು ನಾನು ಮರೆತಿದ್ದೇನೆ ಅಂದರು. ಮರೆತಿದ್ದೇನೆ ಅಂತ ಎರಡು ಸಲ ಹೇಳಿದರು.

ಇದನ್ನೆಲ್ಲ ಹೋಗಿ ಸಾಲಿಗೆ ಒಪ್ಪಿಸಿದೆ, ಒಂದು ಮಾತು ಬಿಡದೆ. ಸಂಜೆಯೆಲ್ಲ ಜಗಳ. ಗಾಡಿ ಹೊರಗೆ ತಂದರೆ ಗಾಡಿ ಹೋಗುತ್ತದೆ, ತರದಿದ್ದರೆ ದಾರಿ ಹೋಗುತ್ತದೆ. ಗಾಡಿ ಇಲ್ಲದೆ ದಾರಿ ಯಾಕೆ, ದಾರಿ ಇಲ್ಲದೆ ಗಾಡಿ ಯಾಕೆ. ಇಲಿ ಬೋನಿಗೆ ಎರಡು ಬಾಗಿಲಿಟ್ಟು ಯಾವುದಾದರೂ ಆರಿಸಿಕೋ ಅಂದ ಹಾಗಿತ್ತು. ಗಾಡಿ ಮಾವ ಗಂಟಲು ಹರಿದುಕೊಂಡ. ಈ ಹುಡುಗಿ ಆ ಕಡೆಯವಳೋ ಈ ಕಡೆಯವಳೋ ಮೊದಲು ಹೇಳಲಿ ಅಂದ. ಚುಚ್ಚಿತು. ಕೊನೆಗೆ ಗೋಣಿ ಹೊದಿಸುವುದೇ ವಾಸಿ, ಮುಂದಿನದು ಮುಂದೆ ನೋಡೋಣ ಅಂತ ಎಲ್ಲರೂ ಎದ್ದರು. ಅಮ್ಮ ಇಡೀ ಹೊತ್ತು ಬಾಟಲಿ ಬಿಡಿಸುತ್ತ ಕೂತಿದ್ದಳು.

ಮಾರನೇ ಬೆಳಗ್ಗೆ ನಾನು ಹೊರಡುವಾಗ ಅಮ್ಮ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ದಾರಿಯಲ್ಲಿ ಕೆಲವು ದಿನಗಳ ದೂಳು, ಕಾಗದದ ಚೂರು, ಚಕ್ರದ ಗೆರೆ. ಗುಡಿಸಲು ಹೊರಟಿದ್ದಾಳೆ ಅಂದುಕೊಂಡೆ. ಬೇಡಮ್ಮ ಅನ್ನಲು ಬಾಯಿ ಬರಲಿಲ್ಲ, ಗುಡಿಸಮ್ಮ ಅನ್ನಲೂ ಬರಲಿಲ್ಲ. ತಲೆ ತಗ್ಗಿಸಿ ಅವಳನ್ನು ದಾಟಿ ಹೋದೆ.

ಅಧಿಕಾರಿ ಬಂದರು. ಕೊರಳಲ್ಲಿ ಗುರುತಿನ ಚೀಟಿ, ಮೂಗಿಗೆ ಕರವಸ್ತ್ರ. ಸಾರ್ ಮುಂದೆ, ಅಧಿಕಾರಿ ಹಿಂದೆ, ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ನಾನು ಕೊನೆಗೆ. ಮಿಲ್ಲಿನ ಗೋಡೆಗೂ ನಿವೇಶನದ ತಗಡಿನ ಬೇಲಿಗೂ ನಡುವೆ ನಡೆಯತೊಡಗಿದೆವು. ದಾರಿ ಗುಡಿಸಿರಲಿಲ್ಲ. ಸಾರ್ ಹಿಂತಿರುಗಿ ನನ್ನನ್ನು ನೋಡಿದರು. ತಿರುವು ದಾಟಿದೆವು.

ಎದುರಿಗೆ ಗಾಡಿ ನಿಂತಿತ್ತು. ಅಮ್ಮನ ಗಾಡಿ. ಬೆಳಗಿನ ಕಸ ತುಂಬಿ, ಮೇಲೆ ಪೊರಕೆ ಸಿಕ್ಕಿಸಿ, ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮ ನಿಂತಿದ್ದಳು. ಒಬ್ಬಳೇ. ಹಿಂದೆ ಎಲ್ಲ ಬಾಗಿಲೂ ಮುಚ್ಚಿದ್ದವು.

ಸಾರ್ ಬೆರಳಲ್ಲಿ ಸನ್ನೆ ಮಾಡಿದರು, ಪಕ್ಕಕ್ಕೆ ಅಂತ. ಅಮ್ಮ ಕದಲಲಿಲ್ಲ. ಕಿವಿ ಕೇಳಿಸಲ್ವೇನಮ್ಮ, ಪಕ್ಕಕ್ಕೆ ಸರಿ ಅಂದರು.

"ಪಕ್ಕ ಎಲ್ಲಿದೆ ಸಾರ್? ತೋರ್ಸಿ, ಸರೀತೀನಿ."

ಎಲ್ಲರೂ ಪಕ್ಕ ನೋಡಿದೆವು. ಈ ಕಡೆ ಗಾಲಿಗೂ ಗೋಡೆಗೂ ನಡುವೆ ಒಂದು ಅಂಗೈ ಜಾಗ. ಆ ಕಡೆ ತಗಡು. ಪಕ್ಕ ಇರಲೇ ಇಲ್ಲ. ಅಷ್ಟು ವರ್ಷ ಅವಳು ಸರಿದು ನಿಂತ ಜಾಗವಾದರೂ ಎಲ್ಲಿತ್ತು ಅಂತ ನನಗೆ ಆಶ್ಚರ್ಯವಾಯಿತು. ತನ್ನ ಮೈಯನ್ನೇ ಮಡಚಿ ಜಾಗ ಮಾಡಿಕೊಟ್ಟಿರಬೇಕು.

ಸಾರ್ ನನ್ನ ಕಡೆ ತಿರುಗಿದರು. "ನಿಮ್ಮಮ್ಮಂಗೆ ಹೇಳು," ಅಂದರು. ಕಚೇರಿಯಲ್ಲಿ ನಾವಿಬ್ಬರೂ ಎದುರಿದ್ದಾಗ ಯಾರೂ ಆಡದ ಮಾತನ್ನು ಅಲ್ಲಿ ಆಡಿದರು.

ಅಧಿಕಾರಿ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ನಕ್ಷೆ ತೋರಿಸಿ ಅಂದರು. ಸುರುಳಿ ಬಿಚ್ಚಿ ಹಿಡಿದೆ. ಇಲ್ಲಿ ಗಿಡ ಇದೆ, ದಾರಿಯೇ ಇಲ್ಲವಲ್ಲ ಅಂದರು. ಇದನ್ನು ಯಾರಾದರೂ ಬಳಸುತ್ತಾರಾ ಇಲ್ಲವಾ ಅಂತ ನನ್ನನ್ನೇ ಕೇಳಿದರು. ಸಾರ್ ಕೆಮ್ಮಿದರು. ಕೆಲಸ ಹೋಗುತ್ತದೆ ಅಂತ ಗೊತ್ತಿತ್ತು. ಇನ್ನೊಂದು ಕಡೆ ಕೆಲಸ ಕೇಳಿದರೆ ಕೊಡುವುದಿಲ್ಲ, ಈ ದಂಧೆಯಲ್ಲಿ ಎಲ್ಲರೂ ಎಲ್ಲರಿಗೂ ಫೋನು ಮಾಡುತ್ತಾರೆ, ಅದೂ ಗೊತ್ತಿತ್ತು. ಅಮ್ಮ ನನ್ನ ಮುಖ ನೋಡಲಿಲ್ಲ. ಹೇಳು ಅಂತಲೂ ಸನ್ನೆ ಮಾಡಲಿಲ್ಲ. ಗಾಡಿ ಹಿಡಿದು ನಿಂತಿದ್ದಳು, ಅಷ್ಟೆ.

"ಬಳಸ್ತಾರೆ ಸಾರ್. ನಾನೂ ಇಲ್ಲಿಂದಾನೇ ಕೆಲಸಕ್ಕೆ ಹೋಗೋದು. ಆ ಗಿಡ ಸುಳ್ಳು. ಅವತ್ತು ಫೋಟೋದಲ್ಲಿ ಯಾರೂ ಇಲ್ಲ, ಯಾಕಂದ್ರೆ ನೀವು ನೋಡ್ತೀರ ಅಂತ ಇವರೆಲ್ಲ ಗುಡಿಸಿ ಒಳಗೆ ಬಚ್ಚಿಟ್ಕೊಂಡಿದ್ರು. ಇವರು ನಮ್ಮಮ್ಮ."

ಕೊನೆಯ ಮಾತನ್ನು ಹೇಳು ಅಂತ ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ.

ಅಧಿಕಾರಿ ಕರವಸ್ತ್ರ ತೆಗೆಯದೆಯೇ, ನೀವು ಯಾರ ಕಡೆಯವರು ಅಂದರು. ಸಾರ್ ನನ್ನ ಬದಲು ಉತ್ತರ ಕೊಟ್ಟರು. "ನಮ್ಮ ಕಚೇರಿಯವಳು ಸಾರ್, ನಿನ್ನೆವರೆಗೆ." ಹಾಗಂದು ನನ್ನ ಕೈಯಿಂದ ನಕ್ಷೆಯನ್ನು ಮೆಲ್ಲಗೆ ಬಿಡಿಸಿಕೊಂಡು ಸುತ್ತಿದರು. ಆಗಲೂ ಬೈಯಲಿಲ್ಲ. ಈ ಗಾಡಿಗೆ ಪರವಾನಗಿ ಇದ್ದ ಹಾಗಿಲ್ಲ ಅಲ್ವಾ ಸಾರ್ ಅಂತ ಅಧಿಕಾರಿಗೆ ನೆನಪು ಮಾಡಿದರು. ಮುಂದೆ ಹೋಗಲು ಜಾಗವಿಲ್ಲದೆ ಇಬ್ಬರೂ ಬಂದ ದಾರಿಯಲ್ಲೇ ಹಿಂತಿರುಗಿದರು. ನಾನು ಗೋಡೆಗೆ ಬೆನ್ನು ಹಚ್ಚಿ ಅವರಿಗೆ ದಾರಿ ಬಿಟ್ಟೆ. ಅದು ಮೈಗೆ ಕೂತ ಅಭ್ಯಾಸ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಲಾರಿ ಮಧ್ಯಾಹ್ನ ಬಂತು. ದಾರಿಯ ತುದಿಯಲ್ಲಿ ನಿಲ್ಲಿಸಿ ಆಳುಗಳು ಒಳಗೆ ಬಂದರು. ಅಮ್ಮ ಹಿಡಿ ಬಿಡಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಡಿಸಿದವನು ನಮ್ಮ ಹಾಗೇ ಕಸ ಎತ್ತುವವನು, ಅವನಿಗೆ ನಗರ ಕಚೇರಿಯ ಅಂಗಿ ಇತ್ತು, ಅಷ್ಟೇ ವ್ಯತ್ಯಾಸ. ಬೆರಳು ಬಿಡಿಸುತ್ತ ಬೇಜಾರು ಮಾಡ್ಕೋಬೇಡಮ್ಮ ಅಂದ. ಕಸ ಸಮೇತ ಗಾಡಿ ಲಾರಿ ಏರಿತು. ಪೊರಕೆ ಮಾತ್ರ ಕೆಳಗೆ ಬಿತ್ತು.

ಲಾರಿ ಹೋದ ಮೇಲೆ ಬಾಗಿಲುಗಳು ತೆರೆದವು. ಗಾಡಿ ಮಾವ ಗೋಣಿ ಎತ್ತಿ ತನ್ನ ಗಾಡಿ ಇದೆಯೇ ನೋಡಿಕೊಂಡ. ನಮ್ಮದಾದರೂ ಉಳೀತು ಅಂದ, ಯಾರಿಗೆ ಅಂತಲ್ಲ. ಸ್ವಲ್ಪ ಹೊತ್ತಿಗೆ ಬಂದು ಅಮ್ಮನ ತರಚಿದ ಬೆರಳಿಗೆ ಬಟ್ಟೆ ಸುತ್ತಿದ.

ಅಧಿಕಾರಿ ಏನು ಬರೆದರು ಅಂತ ನಮಗೆ ಯಾರೂ ಹೇಳಲಿಲ್ಲ. ಮುಂದಿನ ಷರಾ ಬಂದಿರಬಹುದು. ಅದಕ್ಕೆ ಸ್ಕೇಲಣ್ಣ ಉತ್ತರ ಟೈಪ್ ಮಾಡಿರಬಹುದು, ಒಂದೊಂದೇ ಬೆರಳಲ್ಲಿ. 'ಗಮನಿಸಲಾಗಿದೆ' ಅಂತ ಹಾಕಿರಬಹುದು. ತಗಡಿನ ಬೇಲಿ ಇನ್ನೂ ಇದ್ದಲ್ಲೇ ಇದೆ. ದಿನಾ ಎದ್ದು ಮೊದಲು ಅದನ್ನೇ ನೋಡುತ್ತೇವೆ, ಈ ಕಡೆ ಸರಿಯಿತೇ ಅಂತ.

ಗಾಡಿ ಹೋದ ಮಾರನೇ ಬೆಳಗ್ಗೆ ಅಮ್ಮ ಎರಡು ಗೋಣಿಚೀಲ ಕೊಡವಿದಳು. ಒಂದನ್ನು ನನ್ನ ಕಡೆ ಎಸೆದಳು. ಕಚೇರಿಯ ನೆಲವೂ ಇಲ್ಲ, ಕಚೇರಿಯ ಕುರ್ಚಿಯೂ ಇಲ್ಲ. ಬೀದಿಗೆ ಹೋದೆವು. ಕಸದ ಬಿನ್ನುಗಳಿಗೆ ಕೈ ಹಾಕಿದೆವು. ಮೌಸು ಹಿಡಿದು ಗೆರೆ ಎಳೆದ ನನ್ನ ಬೆರಳಿಗೆ ಗಾಜು ಹತ್ತಿ ರಕ್ತ ಬಂತು. ಚೀಲ ತುಂಬಿ ತಲೆಯ ಮೇಲಿಟ್ಟಾಗ ಕತ್ತು ಒಳಗೆ ಹೋಯಿತು. ಕೊಳೆತ ನೀರು ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹರಿಯಿತು. ಯಾವ ವಾಸನೆಯಿಂದ ತಪ್ಪಿಸಿಕೊಳ್ಳಲೆಂದು ಓದಿದ್ದೆನೋ ಅದೇ ನನ್ನ ಮೈಮೇಲೆ ಇಳಿಯುತ್ತಿತ್ತು. ಸಿಟ್ಟಿನಿಂದ ಕಣ್ಣು ಮಂಜಾಯಿತು. ಯಾರ ಮೇಲೆ ಅಂತ ಬಿಡಿಸಿ ಹೇಳಲು ಉಸಿರಿರಲಿಲ್ಲ.

ದಾರಿಗೆ ಬಂದೆವು. ದೂಳು ಇನ್ನೂ ಹಾಗೇ ಇತ್ತು. ಗುಡಿಸಿರಲಿಲ್ಲ. ಅವತ್ತಿನಿಂದ ಆ ದಾರಿಗೆ ಅಮ್ಮ ಪೊರಕೆ ಮುಟ್ಟಿಸಿಲ್ಲ, ಯಾರಿಗೂ ಮುಟ್ಟಿಸಲು ಬಿಟ್ಟಿಲ್ಲ. ಅವಳು ಮುಂದೆ, ನಾನು ಹಿಂದೆ. ಹೊರೆಯ ಭಾರಕ್ಕೆ ನಾನು ತುದಿಗಾಲಲ್ಲಿ ತಡವರಿಸುತ್ತ ಬರುತ್ತಿದ್ದೆ. ಅಮ್ಮ ತಲೆ ತಿರುಗಿಸದೆ ನನ್ನ ಹೆಜ್ಜೆಯ ಸದ್ದು ಕೇಳಿಸಿಕೊಂಡಳು.

"ಕಾಲು ಎತ್ತಿ ಎತ್ತಿ ನಡೀಬೇಡ," ಅಂದಳು. "ಒತ್ತಿ ನಡಿ. ಗುರುತು ಬೀಳಲಿ."